ಒತ್ತುವ ಮೊದಲೇ ತೆರೆದ ಪುಟ

ಕಾಯುವುದು ನನಗೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಹಾ ಆರುವ ತನಕ ತಡೆಯದೆ ನಾಲಿಗೆ ಸುಟ್ಟುಕೊಳ್ಳುತ್ತೇನೆ. ಬಸ್ಸು ಹಳಿಯಾಳದ ನಿಲ್ದಾಣ ಕಾಣುವ ಮೊದಲೇ ಸೀಟು ಬಿಟ್ಟೆದ್ದು, ಕಂಬ ಹಿಡಿದು ತೂಗಾಡುತ್ತೇನೆ. ಇಂಥ ನನಗೆ ನಿವೃತ್ತಿಯಾದ ಮೇಲೆ ಸಿಕ್ಕಿದ್ದು ಬರೀ ಕಾಯುವ ಕೆಲಸ. ಹೆಂಡತಿಯ ತಮ್ಮ ಬಸು ಜೋಯಿಡಾದ ಹತ್ತಿರ ಮೂರು ಕೋಣೆಗಳ ಹೋಂಸ್ಟೇ ಶುರುಮಾಡಿದ. ಅಲ್ಲಿ ಫೋನಿನ ಮಾತು ಕೇಳಿಸುತ್ತದೆ, ಇಂಟರ್‌ನೆಟ್ ಬೇಕೆಂದರೆ ಮಾತ್ರ ಹಿಂದಿನ ಗುಡ್ಡ ಹತ್ತಬೇಕು. ಹೀಗಾಗಿ ವೆಬ್‌ಸೈಟಿನಲ್ಲಿ ಬರುವ ಬುಕ್ಕಿಂಗ್ ನೋಡಿಕೊಳ್ಳುವ ಹೊಣೆ ದಾಂಡೇಲಿಯ ನಮ್ಮ ಮನೆಯ ಹಳೇ ಕಂಪ್ಯೂಟರಿಗೂ ನನಗೂ ಬಂತು. ಇಬ್ಬರಲ್ಲಿ ಯಾರು ಹೆಚ್ಚು ನಿಧಾನ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು.

ಒಂದು ಪುಟ ತೆರೆಯುವಷ್ಟರಲ್ಲಿ ನಾನು ಅರ್ಧ ಪತ್ರಿಕೆ ಓದಿ ಮುಗಿಸುತ್ತಿದ್ದೆ. ಕೊನೆಗೆ ಆ ವೆಬ್‌ಸೈಟ್ ಮಾಡಿಕೊಟ್ಟ ಶಬಾನಾಳನ್ನು ಕರೆಸಿದೆ. ನಮ್ಮ ಸ್ಕೂಟರ್ ರಿಪೇರಿ ಮಾಡುವ ಗೌಸ್‌ಭಾಯಿಯ ಮಗಳು ಆಕೆ. ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿ, "ಇನ್ನ ನೋಡ್ರಿ ಕಾಕಾ, ನೀವು ಒತ್ತೂಕಿಂತ ಮೊದ್ಲ ಬ್ರೌಸರ್ ಪುಟ ತಯಾರ ಮಾಡಿ ಇಡತೈತಿ" ಅಂದಳು.

"ನಾ ಯಾವುದು ಒತ್ತತೇನಿ ಅಂತ ಅದಕ್ಕ ಹೆಂಗ ತಿಳೀತೈತಿ?"

"ಮೌಸಿನ ಬಾಣ ಒಂದು ಲಿಂಕಿನ ಮ್ಯಾಲ ಚೂರು ನಿಂತ್ರ ಸಾಕ್ರಿ. ಇವರು ಇದನ್ನ ಒತ್ತವರದಾರ ಅಂತ ತಿಳಕೊಂಡು, ನಿಮಗ ಕಾಣಧಂಗ ಹಿಂದ ಆ ಪುಟ ಪೂರಾ ತೆರೆದಿಡತೈತಿ. ನೀವು ಒತ್ತಿದ ಕೂಡ್ಲೆ ಮುಂದ ತರತೈತಿ."

ಒತ್ತಿ ನೋಡಿದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಕಾಗಲಿಲ್ಲ! ಆ ವಾರವಿಡೀ ಮನೆಗೆ ಬಂದವರನ್ನೆಲ್ಲ ಕುರ್ಚಿ ಹಾಕಿ ಕೂರಿಸಿ ತೋರಿಸಿದೆ. ಪಕ್ಕದ ಮನೆಯವರು ಹಾಲಿಗೆ ಹೆಪ್ಪು ಕೇಳಲು ಬಂದು, ಆರು ಪುಟ ನೋಡಿ, ಹೆಪ್ಪು ಮರೆತು ಹೋದರು.

ಎರಡನೆಯ ವಾರ ಮುಂಡಗೋಡ ತಾಲ್ಲೂಕಿನ ಪಾಳಾದಿಂದ ಒಬ್ಬ ಶಿಕ್ಷಕಿಯ ಫೋನ್ ಬಂತು. ಎಂದೂ ಊರು ಬಿಟ್ಟು ಹೋಗದ ತಾಯಿಯನ್ನು ಕರೆತರಲು ಶನಿವಾರಕ್ಕೆ ಕೋಣೆ ಹಿಡಿದಿದ್ದರು. "ಬುಕ್ಕಿಂಗ್ ರದ್ದು ಆಗೇತಿ ಅಂತ ಮೆಸೇಜ್ ಬಂದೈತ್ರಿ. ನಾವೇನ್ ತಪ್ಪು ಮಾಡೇವ್ರಿ?" ಅಂದರು. ನೋಡಿದರೆ ನಿಜ. ಖಾಲಿಯೆಂದು ಕಂಡ ಆ ಕೋಣೆಯನ್ನು ಅಷ್ಟರಲ್ಲೇ ಬೇರೆ ಯಾರೋ ಹಿಡಿದಿದ್ದರು. ಹಿಂದಿನ ದಿನ ಬೆಳಗಾವಿಯವರದೂ ಹೀಗೇ ಮಾಯವಾಗಿತ್ತು.

ಪಾಸ್‌ವರ್ಡ್ ಇದ್ದದ್ದು ಇಬ್ಬರ ಹತ್ತಿರ: ನಾನು ಮತ್ತು ಬಸು. ನಾನಂತೂ ರದ್ದು ಮಾಡಿಲ್ಲ. ಇನ್ನು ವಿಚಾರ ಮಾಡುವುದೇನಿದೆ? ಫೋನ್ ಹಚ್ಚಿ, "ನಿನ್ನ ದೋಸ್ತರಿಗೆ ಕೋಣಿ ಕೊಡೂದಿದ್ರ ಹೇಳಿ ಕೊಡು. ಕದ್ದು ರದ್ದು ಮಾಡಬ್ಯಾಡ!" ಎಂದು ಅಬ್ಬರಿಸಿದೆ. ಆತ "ಆತ್ರಿ ಮಾಮಾ" ಎಂದು ಫೋನ್ ಇಟ್ಟ. ಅಡುಗೆಮನೆಯಿಂದ ಕೇಳಿಸಿಕೊಂಡ ನನ್ನ ಹೆಂಡತಿ ಶಕುಂತಲೆ ಎರಡು ದಿನ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಶಕುಂತಲೆಯೇ ಹೇಳಿಕಳಿಸಿದ್ದಕ್ಕೆ ಶಬಾನಾ ಮತ್ತೆ ಬಂದಳು. "ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ" ಎಂದು ಪಕ್ಕದಲ್ಲಿ ಕುಳಿತಳು. ನಾನು ಬುಕ್ಕಿಂಗ್ ಪಟ್ಟಿ ತೆರೆದು, ಹೆಸರಿನ ಕೆಳಗೆ ಬಾಣ ಸರಿಸುತ್ತ, ಸಾಲಿನ ಕೊನೆ ಮುಟ್ಟಿ, ಊರು, ತಾರೀಖು ನೆನೆಯುತ್ತ ನಿಂತೆ.

"ಕಾಕಾ, ಹಂಗ ಇರ್ರಿ! ಅಲ್ಲಾಡಿಸಬ್ಯಾಡ್ರಿ!"

ಬಾಣ ನಿಂತದ್ದು ಸಾಲಿನ ಕೊನೆಯಲ್ಲಿದ್ದ 'ರದ್ದು' ಎಂಬ ಲಿಂಕಿನ ಮೇಲೆ. ನಾನು ಒತ್ತಿರಲಿಲ್ಲ. ಆದರೆ ಇವರು ಒತ್ತಿಯೇ ಒತ್ತುತ್ತಾರೆಂದು ಬ್ರೌಸರ್ ಆ ಪುಟವನ್ನು ಹಿಂದೆಯೇ ತೆರೆದಿತ್ತು. ಆ ಪುಟ ತೆರೆದರೆ ಸಾಕು, ಬುಕ್ಕಿಂಗ್ ರದ್ದು. ಶಬಾನಾ ನಾಲಿಗೆ ಕಚ್ಚಿಕೊಂಡಳು. "ನಂದೂ ತಪ್ಪೈತ್ರಿ. ರದ್ದು ಮಾಡೂದನ್ನ ಬರೇ ಲಿಂಕ್ ಇಡಬಾರದಿತ್ತು" ಎಂದು, ಅದನ್ನು ಒತ್ತಿದರೂ ಎರಡನೇ ಸಲ ಕೇಳುವಂಥ ಗುಂಡಿ ಮಾಡಿದಳು.

ಫೋನಿನಲ್ಲಿ ಕ್ಷಮೆ ಕೇಳಲು ನಾಚಿಕೆಯಾಗಿ, ಶನಿವಾರ ಹೆಂಡತಿಯ ಜೊತೆ ಜೋಯಿಡಾಕ್ಕೇ ಹೋದೆ. ಜಗಲಿಯ ಮೇಲೆ ಪಾಳಾದ ಶಿಕ್ಷಕಿ ಕುಳಿತಿದ್ದರು. ಪಕ್ಕದಲ್ಲಿ ಅವರ ತಾಯಿ ಕಾಲು ಚಾಚಿಕೊಂಡು ಕಾಡನ್ನು ನೋಡುತ್ತಿದ್ದರು. ಬಸು ತಾನೇ ಫೋನ್ ಮಾಡಿ ಕರೆಸಿ, ತನ್ನ ಮಲಗುವ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟು ಸಾಮಾನು ಇಡುವ ಜಾಗದಲ್ಲಿ ಹಾಸಿಕೊಂಡಿದ್ದ. ಆ ಮಾತನ್ನು ನಮಗೆ ಹೇಳಿಯೂ ಇರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ತಪ್ಪಾತಪ್ಪಾ" ಅಂದೆ.

"ಅದನ್ಯಾಕ ಮನಸಿಗೆ ಹಚ್ಕೋತೀರಿ ಮಾಮಾ, ನಾ ಅವತ್ತ ಮರತೇನಿ" ಎಂದ ಬಸು.

ಮಧ್ಯಾಹ್ನದ ಊಟಕ್ಕೆ ಕುಳಿತಾಗ, ಮರೆತವನು ಅತಿಥಿಗಳ ಮುಂದೆ ನನ್ನ ಫೋನಿನ ಮಾತನ್ನು ಒಂದಕ್ಷರ ಬಿಡದೆ, ನನ್ನದೇ ಗಂಟಲಿನಲ್ಲಿ, ಕೆಮ್ಮಿನ ಸಮೇತ ಮಾಡಿ ತೋರಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ನಾನೂ ನಕ್ಕೆ. ಒಂದೇ ಸಲ ಕೇಳಿ ಇಷ್ಟು ಚೆನ್ನಾಗಿ ಅನುಕರಿಸಲು ಯಾರಿಗೂ ಆಗುವುದಿಲ್ಲ ಎಂಬುದು ಮಾತ್ರ ಕೈ ತೊಳೆಯುವಾಗ ಹೊಳೆಯಿತು. ಇದಕ್ಕೂ ಮೊದಲು ಎಷ್ಟು ಮಂದಿಗೆ ಮಾಡಿ ತೋರಿಸಿದ್ದನೋ!