ಕಾಲರ್ ನೋಡಿ ಕೊಂಡ ಗಾಡಿ

ಮನುಷ್ಯನ ಗುಣ ತಿಳಿಯಬೇಕಾದರೆ ಮುಖ ನೋಡಬಾರದು, ಅಂಗಿಯ ಕಾಲರ್ ನೋಡಬೇಕು ಎಂಬುದು ಆ ದರ್ಜಿಯ ಮೂವತ್ತು ವರ್ಷದ ಸಿದ್ಧಾಂತ. ಮುಖ ಹುಟ್ಟಿನಿಂದ ಬಂದದ್ದು, ಅದರಲ್ಲಿ ಅವನ ತಪ್ಪೂ ಇಲ್ಲ, ಹೆಚ್ಚುಗಾರಿಕೆಯೂ ಇಲ್ಲ. ಕಾಲರ್ ಹಾಗಲ್ಲ, ಅದನ್ನು ಅವನೇ ಇಟ್ಟುಕೊಂಡದ್ದು. ಗುಂಡಿ ಕಿತ್ತುಹೋದ ಜಾಗಕ್ಕೆ ಪಿನ್ನು ಚುಚ್ಚಿಕೊಂಡು ಓಡಾಡುವವನು ಕೆಲಸಗಳ್ಳ. ಜೇಬಿನ ಹೊಲಿಗೆ ಬಿಚ್ಚಿದವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಹೀಗೆ ಬೀದಿಯವರನ್ನೆಲ್ಲ ಅವನು ಓದಿ ಮುಗಿಸಿದ್ದ. (ಹೆಂಡತಿಯೊಬ್ಬಳನ್ನು ಬಿಟ್ಟು. ಅವಳು ಕಾಲರ್ ಇರುವ ಬಟ್ಟೆ ಹಾಕುವುದಿಲ್ಲವಲ್ಲ, ಅದಕ್ಕೇ ಅರ್ಥವಾಗಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ.)

ಈ ಸಿದ್ಧಾಂತ ಹೊಲಿಗೆ ಯಂತ್ರದ ಮುಂದೆಯೇ ಕೂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಎದ್ದು ಮೋಟರ್ ಸೈಕಲ್ ಕೊಳ್ಳಲು ಹೊರಟಿತು.

ಮೋಟರ್ ಸೈಕಲ್ ಬೇಕಾದದ್ದು ಹೆಂಡತಿಗಾಗಿ. ಅವಳು ಮಕ್ಕಳ ಆಸ್ಪತ್ರೆಯಲ್ಲಿ ಆಯಾ. ಹನ್ನೆರಡು ವರ್ಷ ಮಧ್ಯಾಹ್ನದ ಪಾಳಿ ಮಾಡಿದವಳಿಗೆ ಈಗ ಬೆಳಗಿನ ಪಾಳಿ ಬಂದಿತ್ತು. ಆರು ಗಂಟೆಗೆ ವಾರ್ಡಿನ ಬಾಗಿಲಲ್ಲಿರಬೇಕು. ಮೊದಲನೆಯ ಬಸ್ಸು ಹೊರಡುವುದೇ ಆರೂಕಾಲಿಗೆ. ಆಸ್ಪತ್ರೆ ಇರುವುದು ಇವರ ಬೀದಿಯಿಂದ ಮೂರು ಕಿಲೋಮೀಟರ್ ಕೆಳಗೆ, ದಾರಿಯುದ್ದಕ್ಕೂ ಇಳಿಜಾರು. ನಡೆದು ಇಳಿದರೆ ಅವಳ ಮಂಡಿ ಸಂಜೆಯ ಹೊತ್ತಿಗೆ ಊದಿಕೊಂಡು ಮಗುವಿನ ತಲೆಯಷ್ಟಾಗುತ್ತಿತ್ತು. ದೊಡ್ಡ ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು: “ಒಂದು ತಿಂಗಳು ನೋಡ್ತೀನಿ. ಮೂರು ಸಲ ತಡ ಆಯ್ತೋ, ಬೇರೆಯವರನ್ನ ಹಾಕ್ಕೋತೀನಿ.”

“ನೀನು ಹೆದರಬೇಡ ಕಣೇ. ನಾನೊಂದು ಹಳೇ ಗಾಡಿ ನೋಡ್ತೀನಿ. ದಿನಾ ಹಿಂದೆ ಕೂರಿಸ್ಕೊಂಡು ಹೋಗಿ ಬಿಡ್ತೀನಿ,” ಎಂದ ದರ್ಜಿ. ವಯಸ್ಸಿನಲ್ಲಿ ಸ್ನೇಹಿತನ ಗಾಡಿ ಹೊಡೆದು ಅಭ್ಯಾಸವಿತ್ತು.

“ನೋಡೋದಕ್ಕೆ ಹೋಗುವಾಗ ನನ್ನ ತಮ್ಮನ್ನ ಕರ್ಕೊಂಡು ಹೋಗಿ. ಅವನಿಗೆ ಗಾಡಿ ವಿಷಯ ಗೊತ್ತು.”

“ನಿನ್ನ ತಮ್ಮನ ಪ್ಯಾಂಟು ನೋಡಿದೀಯಾ? ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಅವನು ಗಾಡಿ ಪರೀಕ್ಷೆ ಮಾಡ್ತಾನಂತೆ!”

“ಆ ಪ್ಯಾಂಟು ಹೊಲಿದೋರು ಯಾರು?”

ದರ್ಜಿ ಕೆಮ್ಮಿದ. “ಅಳತೆ ತಗೋಳೋವಾಗ ಅವನು ನೆಟ್ಟಗೆ ನಿಂತಿರಲಿಲ್ಲ,” ಎಂದು ಹೇಳಿ, ಒಬ್ಬನೇ ಹೊರಟ.

ಮಾರುವವನ ಮನೆ ಊರಿನ ಆ ಕಡೆಗಿತ್ತು. ಬಾಗಿಲ ಮುಂದೆ ಗಾಡಿ ಮದುಮಗನ ಹಾಗೆ ಥಳಥಳ ಹೊಳೆಯುತ್ತ ನಿಂತಿತ್ತು. ದರ್ಜಿ ಇಂಜಿನ್ನಿನ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ‘ಪರವಾಗಿಲ್ಲ, ಜೀವ ಇರುವ ಗಾಡಿ’ ಎಂದುಕೊಂಡ. ಗಾಡಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಏಕೆಂದರೆ ಅಷ್ಟರಲ್ಲಿ ಮಾರುವವನು ಹೊರಗೆ ಬಂದ, ದರ್ಜಿಯ ಕಣ್ಣು ಅವನ ಅಂಗಿಯ ಮೇಲೆ ಬಿತ್ತು.

ಹಳೆಯ ಅಂಗಿ. ಆದರೆ ಕಾಲರ್ ತಿರುಗಿಸಿತ್ತು! ಕಾಲರಿನ ಹೊರಮೈ ಸವೆದಾಗ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಯುವ ಕೆಲಸ ಅದು. ಈಗ ಮಾಡಿಸುವವರೂ ಇಲ್ಲ, ಮಾಡುವವರೂ ಇಲ್ಲ. ದರ್ಜಿ ಹತ್ತಿರ ಹೋಗಿ ನೋಡಿದ. ಹೊಲಿಗೆ ಇರುವೆ ಸಾಲಿನ ಹಾಗೆ ಒಂದರ ಹಿಂದೊಂದು ನಡೆದಿತ್ತು.

“ಕಾಲರ್ ತಿರುಗಿಸಿದೆ ಅಲ್ವಾ ಇದು?”

ಮಾರುವವನು ಒಂದು ಕ್ಷಣ ದರ್ಜಿಯ ಮುಖ ನೋಡಿದ. ಬುದ್ಧಿವಂತ. “ಅಯ್ಯೋ, ಹೌದು ಸ್ವಾಮಿ. ಯಾವ ವಸ್ತುವನ್ನೂ ಬಿಸಾಡೋಕೆ ನಂಗೆ ಮನಸ್ಸೇ ಬರಲ್ಲ. ಹರಿದ್ರೆ ಹೊಲಿಸ್ಕೋತೀನಿ, ಕೆಟ್ರೆ ರಿಪೇರಿ ಮಾಡಿಸ್ಕೋತೀನಿ.”

“ಗಾಡಿ?”

“ಗಾಡಿ ನಮ್ಮ ಮಾವನವರದ್ದು. ಬೆಳಗ್ಗೆ ಲೈಬ್ರರಿಗೆ ಹೋಗಿ ಪೇಪರ್ ಓದ್ಕೊಂಡು ಬರೋರು, ಅಷ್ಟೇ. ಲೈಬ್ರರಿಗೆ ರಜಾ ಇದ್ದ ದಿನ ಗಾಡಿಗೂ ರಜಾ.”

“ಈ ಹೊಲಿಗೆ ಹಾಕಿದೋನು ಸಾಮಾನ್ಯದವನಲ್ಲ,” ಎಂದ ದರ್ಜಿ, ಇನ್ನೂ ಕಾಲರ್ ಬಿಟ್ಟು ಇಳಿಯದೆ. ಇಂಥ ಕಾಲರ್ ಇಟ್ಟುಕೊಂಡವನು ಇಂಜಿನ್ನನ್ನು ಹೇಗೆ ಇಟ್ಟುಕೊಂಡಿರಬೇಡ! ಅವನು ಹೇಳಿದಷ್ಟು ದುಡ್ಡು ಕೊಟ್ಟು, ಅರ್ಧ ಗಂಟೆಯಲ್ಲಿ ಗಾಡಿ ಹತ್ತಿ ಹಾರನ್ ಹೊಡೆಯುತ್ತ ಮನೆಗೆ ಬಂದ.

ಹೆಂಡತಿ ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. “ಮುಂದಿನ ಚಕ್ರ ಯಾಕ್ರೀ ಚಿಕ್ಕದಾಗಿ ಕಾಣತ್ತೆ?”

“ದೂರ ಇರೋದು ಚಿಕ್ಕದಾಗೇ ಕಾಣತ್ತೆ.”

“ನಾನು ಮುಂದಿನ ಚಕ್ರದ ಹತ್ರಾನೇ ನಿಂತಿದೀನಲ್ರೀ!”

ಮರುದಿನ ಬೆಳಗ್ಗೆ ಐದೂವರೆಗೆ ಸತ್ಯ ಹೊರಬಿತ್ತು. ದರ್ಜಿ ಕಿಕ್ಕರ್ ಒದ್ದ. ಗಾಡಿ ಮುದುಕನ ಹಾಗೆ ಗೊರ ಗೊರ ಎಂದು ಸುಮ್ಮನಾಯಿತು. ಮತ್ತೆ ಒದ್ದ. ನಲವತ್ತನೇ ಒದೆತಕ್ಕೆ ಕಪ್ಪು ಹೊಗೆಯ ಒಂದು ಮುದ್ದೆ ಉಗುಳಿ, ಇನ್ನು ನನ್ನ ಕೈಲಾಗದು ಎಂದಿತು. ಹೆಂಡತಿ ಚೀಲ ಹೆಗಲಿಗೇರಿಸಿ ನಡೆದೇ ಬಿಟ್ಟಳು. ಅವಳು ವಾರ್ಡು ಮುಟ್ಟುವಾಗ ಆರೂ ಹತ್ತು. ದೊಡ್ಡ ನರ್ಸಮ್ಮ ಒಂದು ಬೆರಳು ಎತ್ತಿ ತೋರಿಸಿದರು.

ಮೆಕ್ಯಾನಿಕ್ ಗಾಡಿಯನ್ನು ಬಿಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತ ಕೇಳಿದ: “ಯಾರ ಗಾಡಿ ಇದು?”

“ನಂದೇ.”

“ಈಗ ನಿಮ್ಮದು, ಸರಿ. ಮೊದಲು ಯಾರ್ಯಾರದ್ದು ಅಂತ ಕೇಳಿದೆ. ಇಂಜಿನ್ನು ಒಂದು ಗಾಡಿದು, ಟ್ಯಾಂಕು ಇನ್ನೊಂದರದು, ಮುಂದಿನ ಚಕ್ರ ಮತ್ತೊಂದರದು. ಕೂಡು ಕುಟುಂಬ. ಒಬ್ಬರ ಮಾತು ಒಬ್ಬರು ಕೇಳಲ್ಲ. ಇಂಜಿನ್ನು ಒಳಗೆ ಪೂರಾ ಸವೆದಿದೆ. ಶಬ್ದ ಗೊತ್ತಾಗದೇ ಇರ್ಲಿ ಅಂತ ದಪ್ಪ ಎಣ್ಣೆ ತುಂಬಿದಾರೆ. ನೀವು ನೋಡೋಕೆ ಹೋದಾಗ ಬಿಸಿ ಇತ್ತಾ?”

“ಬೆಚ್ಚಗಿತ್ತು.”

“ನೀವು ಬರೋ ಮುಂಚೆ ಹೇಗೋ ಒದ್ದಾಡಿ ಸ್ಟಾರ್ಟ್ ಮಾಡಿಟ್ಟಿರ್ತಾನೆ. ತಣ್ಣಗಾದರೆ ಇದು ಏಳಲ್ಲ. ಇಂಜಿನ್ನೇ ಬದಲಾಯಿಸಬೇಕು. ಅದಕ್ಕಿಂತ ಬೇರೆ ಗಾಡಿ ತಗೊಳ್ಳೋದು ವಾಸಿ.”

“ಒಂದಾದರೂ ಚೆನ್ನಾಗಿಲ್ವಾ ಇದರಲ್ಲಿ?”

ಮೆಕ್ಯಾನಿಕ್ ಪಾಪ ಎನಿಸಿ ಯೋಚಿಸಿದ. “ಬ್ರೇಕ್ ಫಸ್ಟ್ ಕ್ಲಾಸ್. ಹೋಗದ ಗಾಡಿಗೆ ನಿಲ್ಲೋದೇನು ಕಷ್ಟ?”

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಊರಿನ ಆ ಕಡೆಯವರೆಗೂ ಬೈಗುಳಗಳನ್ನು ಬಾಯಿಪಾಠ ಮಾಡುತ್ತ ನಡೆದ. ಮಾರುವವನು ಬನಿಯನ್ನಿನಲ್ಲಿ ಬಾಗಿಲು ತೆಗೆದು, ಬಹಳ ದಿನದ ನೆಂಟನನ್ನು ಕಂಡವನಂತೆ “ಬನ್ನಿ ಬನ್ನಿ, ಕೂತ್ಕೊಳ್ಳಿ” ಎಂದ.

“ಕೂರೋಕೆ ಬಂದಿಲ್ಲ ನಾನು! ಎಲ್ಲಿ ನಿಮ್ಮ ಮಾವ? ಕರೀರಿ ಅವರನ್ನ!”

“ಯಾವ ಮಾವ? ನಂಗಿನ್ನೂ ಮದುವೇನೇ ಆಗಿಲ್ಲ.”

ದರ್ಜಿ ಬಾಯಿ ತೆರೆದ. ಬಾಯಿಪಾಠ ಮಾಡಿದ್ದು ಒಂದೂ ಹೊರಗೆ ಬರಲಿಲ್ಲ. ಏಕೆಂದರೆ ಗೋಡೆಯ ಮೊಳೆಗೆ ಆ ಅಂಗಿ ತೂಗುತ್ತಿತ್ತು, ಕಾಲರ್ ಮಗುಚಿಕೊಂಡು ಒಳಭಾಗ ಕಾಣುತ್ತಿತ್ತು, ಒಳಭಾಗದಲ್ಲಿ ಹಸಿರು ದಾರದ ಎರಡು ಅಡ್ಡ ಹೊಲಿಗೆ ಇತ್ತು. ರಿಪೇರಿಗೆ ಬಂದ ಬಟ್ಟೆ ಒಂದರೊಳಗೊಂದು ಸೇರಿಹೋಗಬಾರದೆಂದು ಅವನೇ ಹಾಕುವ ಗುರುತು. ಈ ಊರಿನಲ್ಲಿ ಇನ್ನಾರೂ ಹಾಗೆ ಹಾಕುವುದಿಲ್ಲ.

“ಈ ಅಂಗಿ... ಇದು ಪೋಸ್ಟ್‌ಮಾಸ್ಟರದ್ದು. ನಾನೇ ಕಾಲರ್ ತಿರುಗಿಸಿ ಕೊಟ್ಟಿದ್ದು,” ಎಂದ ಮೆಲ್ಲಗೆ.

“ಇರಬಹುದು. ಅವರು ತೀರಿಕೊಂಡ ಮೇಲೆ ಮನೆಯವರು ಹಳೇ ಸಾಮಾನೆಲ್ಲ ಮಾರಿದ್ರು. ಟ್ಯಾಂಕು ಅಲ್ಲೇ ಸಿಕ್ತು. ಅಂಗಿ ಟ್ಯಾಂಕಿಗೆ ಸುತ್ತಿಕೊಟ್ಟಿದ್ದು. ಗಾಡಿ ಮಾರೋ ದಿನ ಮಾತ್ರ ಹಾಕ್ಕೋತೀನಿ. ಇದನ್ನ ಹಾಕ್ಕೊಂಡ್ರೆ ಜನಕ್ಕೆ ಯಾಕೋ ನಂಬಿಕೆ ಬರತ್ತೆ.” ಅವನು ಸ್ವಲ್ಪವೂ ನಾಚದೆ ಮುಂದುವರಿಸಿದ: “ನೀವೇ ಹೇಳಿ ಸ್ವಾಮಿ, ಗಾಡಿ ಬಗ್ಗೆ ನೀವು ಕೇಳಿದ್ದೆಷ್ಟು? ಒಂದೇ ಮಾತು. ಮಿಕ್ಕಿದ್ದೆಲ್ಲ ಕಾಲರ್ ಬಗ್ಗೇನೇ. ಕಾಲರ್ ಬಗ್ಗೆ ನಾನೇನಾದ್ರೂ ಸುಳ್ಳು ಹೇಳಿದ್ನಾ?”

ಆ ದಿನ ತಾನು ಮಾರುವವನನ್ನು ನಂಬಿರಲಿಲ್ಲ, ತನ್ನ ಕೈಯನ್ನೇ ನಂಬಿ ತಲೆದೂಗಿದ್ದೆ ಎಂಬುದು ದರ್ಜಿಗೆ ಆಗ ಹೊಳೆಯಿತು. ಮೋಸ ಹೋದವನಿಗೆ ಬೈಯಲು ಎದುರಿಗೆ ಒಬ್ಬನಿರಬೇಕು. ಇಲ್ಲಿ ನೋಡಿದರೆ ಅರ್ಧ ತಾನೇ ನಿಂತಿದ್ದ.

“ಅಂದ ಹಾಗೆ,” ಎಂದ ಮಾರುವವನು, ಅಂಗಿಯನ್ನು ಮೊಳೆಯಿಂದ ತೆಗೆಯುತ್ತ, “ಇದರ ಎರಡನೇ ಗುಂಡಿ ನೇತಾಡ್ತಿದೆ ನೋಡಿ.”

ದರ್ಜಿ ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಹೆಂಡತಿ ಬಿಸಿನೀರಿನ ಬಟ್ಟೆಯನ್ನು ಮಂಡಿಗೆ ಒತ್ತಿಕೊಂಡು ಕೂತಿದ್ದಳು.

“ದುಡ್ಡು ವಾಪಸ್ ಕೊಟ್ನಾ?”

“ಇಲ್ಲ.”

“ಗಾಡಿ ಬದಲಾಯಿಸಿ ಕೊಡ್ತಾನಂತಾ?”

“ಇಲ್ಲ.”

“ಮತ್ತೆ ಇಷ್ಟು ಹೊತ್ತು ಅಲ್ಲೇನ್ ಮಾಡ್ತಿದ್ರಿ?”

ದರ್ಜಿ ನೆಲ ನೋಡಿದ. “ಗುಂಡಿ ಹಾಕ್ತಿದ್ದೆ.”

ಅವಳು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿ, ಹಿಂಡಿ, ಮಡಿಸಿ, ಮಂಡಿಯ ಮೇಲಿಟ್ಟುಕೊಂಡಳು. “ಭದ್ರವಾಗಿ ಹಾಕಿದ್ರಾ?”

“ಹೂಂ. ನಾಲ್ಕು ಸುತ್ತು.”

“ಒಳ್ಳೇದಾಯ್ತು. ಮುಂದೆ ಬರೋರಿಗೆ ಇನ್ನೂ ಗಟ್ಟಿ ನಂಬಿಕೆ ಬರತ್ತೆ.”

ಅಷ್ಟೇ. ತಮ್ಮನ ಹೆಸರು ಎತ್ತಲಿಲ್ಲ. ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಕೂಗಾಡಿದ್ದರೆ ಅವನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಮರುದಿನ ಅವಳು ಇನ್ನೂ ಬೇಗ ಎದ್ದು ನಡೆದಳು. ಆದರೆ ಹಿಂದಿನ ದಿನದ ಮಂಡಿ ಅವಳ ಆತುರಕ್ಕೆ ಸೊಪ್ಪು ಹಾಕಲಿಲ್ಲ, ಆರೂ ಐದಾಯಿತು. ದೊಡ್ಡ ನರ್ಸಮ್ಮ ಎರಡು ಬೆರಳು ತೋರಿಸಿದರು. ಆ ಹಗಲೆಲ್ಲ ದರ್ಜಿಯ ಕೈಯಲ್ಲಿ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಹನ್ನೆರಡು ವರ್ಷ ಅವಳು ಪರರ ಮಕ್ಕಳ ಜ್ವರ ಕಾದು ತಂದ ಸಂಬಳದಲ್ಲೇ ತನ್ನ ಯಂತ್ರಕ್ಕೆ ಎಣ್ಣೆ, ಸೂಜಿ ಬಂದದ್ದು. ಒಂದು ಸಲ ಅವಳನ್ನು ಹಿಂದೆ ಕೂರಿಸಿಕೊಂಡು ಗಂಡಸಿನ ಹಾಗೆ ಕರೆದೊಯ್ಯೋಣವೆಂದರೆ, ಅವಳ ಕೆಲಸಕ್ಕೇ ಕತ್ತರಿ ಹಾಕಿಟ್ಟೆನಲ್ಲ ಎಂದು ಕೊರಗಿದ.

ಮೂರನೆಯ ಬೆಳಗ್ಗೆ ಈ ಪೀಡೆಯನ್ನು ಗುಜರಿಯವನಿಗೆ ಹಾಕಿಬರೋಣವೆಂದು ಗಾಡಿಯನ್ನು ಬೀದಿಗೆ ಎಳೆದ. ಗುಜರಿ ಅಂಗಡಿ ಇರುವುದೂ ಆಸ್ಪತ್ರೆಯ ಹತ್ತಿರವೇ. ಸ್ಟ್ಯಾಂಡು ತೆಗೆದದ್ದೇ ತಡ, ಗಾಡಿ ತನ್ನಷ್ಟಕ್ಕೆ ತಾನು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಉರುಳಿತು. ಅವನು ಹಿಡಿದು ನಿಲ್ಲಿಸಿದ.

ಮಂಡಿ ಮಡಿಸಲಾಗದೆ ತಡವಾಗಿ ಎದ್ದು, ಚೀಲ ಹಿಡಿದು ಹೊರಟಿದ್ದ ಹೆಂಡತಿ ಗಾಡಿಯನ್ನು ನೋಡಿದಳು. ರಸ್ತೆಯನ್ನು ನೋಡಿದಳು. “ಹತ್ತಿ,” ಎಂದಳು.

“ಸ್ಟಾರ್ಟ್ ಆಗಲ್ಲ ಕಣೇ.”

“ಯಾರು ಆಗು ಅಂದ್ರು? ಹತ್ತಿ ನೀವು,” ಎಂದು ಹಿಂದೆ ಕೂತೇ ಬಿಟ್ಟಳು.

ಗಾಡಿ ಉರುಳಿತು. ಮೊದಲು ನಿಧಾನ, ಆಮೇಲೆ ಜೋರು. ಶಬ್ದವಿಲ್ಲ, ಹೊಗೆಯಿಲ್ಲ. ಮುಚ್ಚಿದ ಅಂಗಡಿಗಳು, ದೀಪದ ಕಂಬಗಳು, ಗೇಟಿನ ಮೇಲೆ ಮಲಗಿದ ಬೆಕ್ಕು, ಎಲ್ಲ ಮೆಲ್ಲಗೆ ಹಿಂದೆ ಸರಿದವು. ಅವಳ ಕೈ ಅವನ ಹೆಗಲ ಮೇಲಿತ್ತು.

“ಕೇಳಿಸ್ತಾ?” ಎಂದಳು.

“ಏನು? ಏನೂ ಕೇಳಿಸ್ತಿಲ್ಲ.”

“ಅದೇ.”

ಇಂಜಿನ್ನು ಚೆನ್ನಾಗಿದ್ದಿದ್ದರೆ ಈ ಮಾತು ಅವನಿಗೆ ಕೇಳುತ್ತಿರಲಿಲ್ಲ. ದರ್ಜಿಗೆ ಮನಸ್ಸು ತುಂಬಿ ಬಂತು. ಮನಸ್ಸು ತುಂಬಿದ್ದರಿಂದಲೋ ಹೆದರಿಕೆಯಿಂದಲೋ, ಶಾಲೆಯ ತಿರುವಿನಲ್ಲಿ ಬ್ರೇಕ್ ಹಿಡಿದ. (ಫಸ್ಟ್ ಕ್ಲಾಸ್ ಬ್ರೇಕು.) ಗಾಡಿಯ ಓಟ ಅರ್ಧ ಸತ್ತು, ಆಸ್ಪತ್ರೆಯ ಗೇಟಿಗೆ ನೂರು ಹೆಜ್ಜೆ ಇರುವಾಗ ಪೂರ್ತಿ ನಿಂತಿತು. ಅವಳು ಇಳಿದು ಕುಂಟುತ್ತ ಓಡಿದಳು. ದೊಡ್ಡ ನರ್ಸಮ್ಮ ಮೂರನೆಯ ಬೆರಳು ಬಿಚ್ಚುವುದಕ್ಕೂ ಗಡಿಯಾರ ಆರು ಹೊಡೆಯುವುದಕ್ಕೂ ನಡುವೆ ಇವಳು ಒಳಗೆ ಬಿದ್ದಳು. ಬೆರಳು ಮಡಿಚಿಕೊಂಡಿತು.

ಗುಜರಿಯವನ ಹತ್ತಿರ ಗಾಡಿ ಹೋಗಲಿಲ್ಲ. ದಿನಾ ಬೆಳಗ್ಗೆ ಇಬ್ಬರೂ ಉರುಳಿ ಇಳಿಯುವುದು, ಆಮೇಲೆ ದರ್ಜಿಯೊಬ್ಬನೇ ಏದುಸಿರು ಬಿಡುತ್ತ ಅದನ್ನು ಮೂರು ಕಿಲೋಮೀಟರ್ ಮೇಲಕ್ಕೆ ತಳ್ಳಿಕೊಂಡು ಬರುವುದು, ಹೀಗೆ ಹೊಸ ದಿನಚರಿ ಶುರುವಾಯಿತು. ಜಗಳ ಒಂದೇ ವಿಷಯಕ್ಕೆ.

“ತಿರುವಲ್ಲಿ ಬ್ರೇಕ್ ಹಿಡೀಬೇಡಿ ಅಂದ್ನಲ್ರೀ!”

“ಹಿಡೀದೆ ಹೋದ್ರೆ ಶಾಲೆ ಗೋಡೆಗೆ ಹೋಗಿ ಅಂಟ್ಕೋತೀವಿ.”

“ಗೋಡೆ ಅಲ್ಲಿರೋದು ಎಲ್ಲರಿಗೂ ಗೊತ್ತು. ದಿನಾ ನೂರು ಹೆಜ್ಜೆ ಓಡೋದು ನಾನು. ಎದೆ ಹೊಡ್ಕೊಳ್ಳತ್ತೆ, ಇವತ್ತು ಮೂರನೇದಾಯ್ತೇನೋ ಅಂತ.”

“ಗಾಡಿ ಹೊಡೆಯೋನು ನಾನು. ನಂಗೆ ಗೊತ್ತು.”

“ಹೊಡೀತಿರೋದು ಇಳಿಜಾರು. ನೀವು ಬ್ರೇಕ್ ಹಿಡಿಯೋರು ಅಷ್ಟೇ.”

ತಿಂಗಳ ಕೊನೆಯ ದಿನ ದರ್ಜಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ತಳ್ಳಿ ತಳ್ಳಿ ಸೊಂಟ ಹಿಡಿದುಕೊಂಡು ಹೊತ್ತು ಗೊತ್ತಾಗದೆ ಮಲಗಿಬಿಟ್ಟಿದ್ದ. ಹಾಸಿಗೆಯಲ್ಲಿ ಹೆಂಡತಿ ಇಲ್ಲ. ಹೊರಗೆ ಓಡಿದ. ಗಾಡಿಯೂ ಇಲ್ಲ. ಚಪ್ಪಲಿಯನ್ನೂ ಮೆಟ್ಟದೆ ಇಳಿಜಾರಿನುದ್ದಕ್ಕೂ ಓಡಿದ. ಶಾಲೆಯ ತಿರುವಿನಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಗೋಡೆಗೆ ಏನೂ ಆಗಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಹಲ್ಲು ಕಿರಿದ. “ಏನ್ ಟೈಲರೇ, ಇವತ್ತು ಅಮ್ಮಾವ್ರು ಒಬ್ರೇ! ನೇರ ಒಳಗೇ ಬಂದ್ರು ನೋಡಿ, ಮೆಟ್ಟಿಲ ತನಕ. ಆರಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು. ದೊಡ್ಡ ನರ್ಸಮ್ಮಾವ್ರು ಕಿಟಕಿಯಲ್ಲಿ ನಿಂತು ನೋಡ್ತಿದ್ರು.”

ಗಾಡಿ ಮೆಟ್ಟಿಲ ಪಕ್ಕ ನೀಟಾಗಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮುಖ ಅರಳಿತ್ತು. “ಪಾಳಿ ಖಾಯಂ ಆಯ್ತು ಕಣ್ರೀ. ಈಗ್ತಾನೇ ಹೇಳಿದ್ರು.”

“ನಿಂಗೆ... ನಿಂಗೆ ಮೋಟರ್ ಸೈಕಲ್ ಯಾವಾಗ ಬಂತು?”

“ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ ಹೊಡೀತಿರಲಿಲ್ವಾ ನಾನು? ಇಂಜಿನ್ ಇಲ್ಲದ ಗಾಡಿ ಅಂದ್ರೇನು, ದಪ್ಪ ಸೈಕಲ್ ತಾನೆ? ಇನ್ನುಮೇಲೆ ನೀವು ಅಷ್ಟು ಬೇಗ ಏಳಬೇಡಿ, ಪಾಪ. ನಿಧಾನಕ್ಕೆ ಬಂದು ತಗೊಂಡು ಹೋಗಿ. ನಾಳೆ ಐದೂವರೆಗೆ ಮನೆ ಮುಂದೆ ಇದ್ದರೆ ಸಾಕು,” ಎಂದು ಒಳಗೆ ಹೋದಳು.

ದರ್ಜಿ ಸ್ಟ್ಯಾಂಡು ತೆಗೆದು, ಗಾಡಿಯನ್ನು ತಿರುಗಿಸಿ, ಬರಿಗಾಲಲ್ಲಿ ಏರು ತಳ್ಳತೊಡಗಿದ. ಅರ್ಧ ದಾರಿಯಲ್ಲಿ ಎದುರಿಗೆ ಬಂದ ಹಾಲಿನವನು ಸೈಕಲ್ ನಿಲ್ಲಿಸಿ, “ಅಯ್ಯೋ ಟೈಲರಣ್ಣ, ಗಾಡಿ ಕೆಟ್ಟೋಯ್ತಾ?” ಎಂದು ಕೇಳಿದ.

“ಕೆಟ್ಟಿಲ್ಲಪ್ಪ,” ಎಂದ ದರ್ಜಿ, ಬೆವರು ಒರೆಸಿಕೊಂಡು, ನೆಟ್ಟಗೆ ನಿಲ್ಲಲು ನೋಡುತ್ತ. “ಈಗ್ತಾನೇ ನಮ್ಮನೆಯವಳನ್ನ ಬಿಟ್ಟು ಬಂತು.”