ಗುಂಪು ನಾಲ್ಕರ ಶ್ರೀ ಎಂಗೊ ಅವರಿಗೆ

ಸಾಗರ,
೧೪ ಮಾರ್ಚ್ ೧೯೮೧, ಶನಿವಾರ

ಮಾನ್ಯರೇ,

ತಮ್ಮ ಜ್ವರ ಇಳಿದು, ಗಂಜಿ ಬಿಟ್ಟು ಅನ್ನ ಊಟ ಮಾಡುವಷ್ಟು ಚೇತರಿಸಿಕೊಂಡಿದ್ದೀರೆಂದು ನಂಬಿ, ಅಂತಿಮ ಬಿ.ಎ. ಸಮಾಜಶಾಸ್ತ್ರದ ನಾಲ್ಕನೇ ಗುಂಪಿನಲ್ಲಿ ತಮ್ಮ ಸಹಸದಸ್ಯೆಯಾಗುವ ಭಾಗ್ಯ ಪಡೆದ ವರದಾ ಎಂಬ ನಾನು, ಮೊದಲು ಎರಡೂ ಕೈ ಜೋಡಿಸಿ, ಆಮೇಲೆ ಬಲಗೈಯನ್ನು ಬಿಡಿಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಅಂಚೆಗೆ ಹಾಕೋಣವೆಂದರೆ ತಮಗೆ ವಿಳಾಸವಿಲ್ಲ. ಕಾಲೇಜಿನ ನೋಟೀಸ್ ಬೋರ್ಡಿನ ಅಂಕಪಟ್ಟಿಯಲ್ಲಿ ಮಾತ್ರ ತಮ್ಮ ಹೆಸರು ನಮ್ಮೆಲ್ಲರಿಗಿಂತ ಮೇಲಿರುವುದರಿಂದ, ಅದರ ಕೆಳಗೇ ಇದನ್ನು ಅಂಟಿಸಿದ್ದೇನೆ.

ತಮ್ಮ ಜನನದ ವಿವರ ತಮಗೂ ತಿಳಿದಿರಲಾರದು, ಆದ್ದರಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಅಧ್ಯಾಪಕರಾದ ಮುಕುಂದಯ್ಯನವರು ಕಳೆದ ವರ್ಷ ಮೈಸೂರಿನಲ್ಲಿ ಹದಿನೈದು ದಿನದ ತರಬೇತಿ ಮುಗಿಸಿಕೊಂಡು ಬಂದವರೇ, ಇನ್ನು ಮುಂದೆ ಯಾರೂ ಒಂಟಿಯಾಗಿ ಪ್ರಬಂಧ ಬರೆಯಕೂಡದು, ಎಲ್ಲವೂ ಗುಂಪಿನಲ್ಲೇ ಆಗಬೇಕೆಂದು ಅಪ್ಪಣೆ ಕೊಟ್ಟರು. ತೀರ್ಥಹಳ್ಳಿಯ ಹೂವಯ್ಯ, ಆನಂದಪುರದ ವಾಸಪ್ಪ, ಕಾರ್ಗಲ್ಲಿನ ಶರಾವತಿ ಮತ್ತು ನಾನು ಸೇರಿ ನಾಲ್ಕನೇ ಗುಂಪಾದೆವು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳು ನಡುವೆಯೇ ಶಾಲೆ ಬಿಡುವುದೇಕೆ ಎಂಬುದು ನಮ್ಮ ವಿಷಯ. ಮುಕುಂದಯ್ಯನವರ ಕಟ್ಟುನಿಟ್ಟಿನ ನಿಯಮ ಒಂದೇ: ವರದಿಯಲ್ಲಿ ಎಲ್ಲಿಯೂ 'ನಾನು' ಎಂದು ಬರಕೂಡದು, ಅದು ಅಹಂಕಾರ, 'ನಾವು' ಎಂದೇ ಬರೆಯಬೇಕು.

ನಾವು, ಅಂದರೆ ನಾವು ನಾಲ್ವರು, ಮೊದಲ ಸಭೆಯನ್ನು ಕ್ಯಾಂಟೀನಿನಲ್ಲಿ ಸೇರಿ, ಎರಡನೇ ಸಭೆಯನ್ನು ಯಾವಾಗ ಸೇರಬೇಕೆಂಬುದನ್ನು ಒಂದೂವರೆ ಗಂಟೆ ಚರ್ಚಿಸಿ, ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊಸನಗರದ ಬಸ್ಸಿಗೆ ಎಲ್ಲರೂ ಬರುವುದೆಂದು ಒಮ್ಮತದಿಂದ ತೀರ್ಮಾನಿಸಿದೆವು. ಭಾನುವಾರ ನಾವು ಬಸ್ ನಿಲ್ದಾಣಕ್ಕೆ ಬಂದೆವು. ಈ ಎರಡನೆಯ 'ನಾವು' ನಾನೊಬ್ಬಳೇ. ಹೂವಯ್ಯನಿಗೆ ಅಂದು ಸೋದರತ್ತೆಯ ಮನೆಯಲ್ಲಿ ಮದುವೆ, ವಾಸಪ್ಪನಿಗೆ ವಾಲಿಬಾಲ್ ಪಂದ್ಯ, ಶರಾವತಿಗೆ ತಲೆನೋವು. ಮುಂದಿನ ಏಳು ಭಾನುವಾರಗಳಲ್ಲಿ ಹೂವಯ್ಯನ ಇನ್ನೂ ಮೂವರು ಅತ್ತೆಯರ ಮನೆಗಳಲ್ಲಿ ಮದುವೆಗಳಾದವು. ಅಷ್ಟು ತುಂಬಿದ ಮನೆತನವನ್ನು ಕಂಡು ನನಗೆ ಸಂತೋಷವೇ ಆಯಿತು. 'ನಾವು ಹೋದೆವು, ನಾವು ಕೇಳಿದೆವು, ನಮ್ಮ ಚಪ್ಪಲಿ ಕಿತ್ತುಹೋಯಿತು' ಎಂದೆಲ್ಲ ಒಬ್ಬಳೇ ಬರೆದುಕೊಳ್ಳುವಾಗ, ಮಠದ ಸ್ವಾಮಿಗಳಿಗೂ ನನಗೂ ಪಲ್ಲಕ್ಕಿಯೊಂದೇ ವ್ಯತ್ಯಾಸ ಎನಿಸುತ್ತಿತ್ತು.

ಹೊಸನಗರದಾಚೆಯ ಹಳ್ಳಿಯಲ್ಲಿ ಬೆಳ್ಳಮ್ಮ ಎಂಬವರು ನನ್ನನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, "ಉಳ್ದೋರೆಲ್ಲ ಎಲ್ಲಿ ತಂಗಿ, ನಾಕ್ ಜನ ಬತ್ತಾರೆ ಅಂದಿದ್ರಲ್ಲ?" ಎಂದು ಕೇಳಿದರು. ಹಿಂದೆ ಬರುತ್ತಿದ್ದಾರೆ ಎಂದೆ. ಮಗಳನ್ನು ನಾಲ್ಕನೇ ತರಗತಿಗೇ ಬಿಡಿಸಿದ್ದೇಕೆಂದು ನಾನು ಕೇಳಲೇ ಇಲ್ಲ; ಕಾಫಿ ಕುಡಿಯುತ್ತ ಸುಮ್ಮನೆ ಕೂತಿದ್ದೆ, ಅವರೇ ಹೇಳಿದರು: "ಇವ್ಳಿಗೆ ಓದು ಹತ್ತದೇ ಇದ್ದಿದ್ದಲ್ಲ ತಂಗಿ. ಸಣ್ಣ ಕೂಸು ಎತ್ಕಳಕ್ಕೆ ಮನೇಲಿ ಮತ್ಯಾರೂ ಇರ್ಲಿಲ್ಲ. ಈಗ ಆ ಕೂಸೇ ಶಾಲೆಗೆ ಹೋಗ್ತದೆ, ಇವ್ಳು ಬಾಗ್ಲಲ್ಲಿ ನಿಂತು ನೋಡ್ತಾಳೆ." ಆ ಹುಡುಗಿ ಅಂದೂ ಬಾಗಿಲಲ್ಲೇ ನಿಂತಿದ್ದಳು. ವಾಪಸು ಬರುವ ಬಸ್ಸಿನಲ್ಲಿ ನನಗೆ ಅಳು ಬಂತು. ಅತ್ತೆನೆಂದು ವರದಿಯಲ್ಲಿ ಬರೆಯಲಿಲ್ಲ, ಏಕೆಂದರೆ 'ನಾವು ಅತ್ತೆವು' ಎಂದು ಬರೆಯಬೇಕಾಗುತ್ತಿತ್ತು.

ಅದೇ ಬಸ್ಸಿನ ಕುಲುಕಾಟದಲ್ಲಿ, ಮಾನ್ಯರೇ, ತಾವು ಅವತರಿಸಿದಿರಿ. ಪ್ರತಿ ಪ್ರಶ್ನಾವಳಿಯ ಕೊನೆಯಲ್ಲೂ 'ಸಂದರ್ಶಿಸಿದವರು' ಎಂದೊಂದು ಗೆರೆ ಇತ್ತು. 'ನಾವು' ಎಂದು ಬರೆಯಬೇಕಾದಲ್ಲಿ, ದಣಿದ ಕೈ ಪುಸ್ತಕದ ಕನ್ನಡವನ್ನು ಬಿಟ್ಟು ನಮ್ಮ ಮನೆಮಾತನ್ನು ಬರೆದುಬಿಟ್ಟಿತು: ಎಂಗೊ. ನಮ್ಮ ಮನೆಗಳಲ್ಲಿ ಎಂಗೊ ಎಂದರೆ 'ನಾವು', ಬೇರೇನೂ ಅಲ್ಲ. ಎಲ್ಲ ಊರು ಮುಗಿಯುವ ಹೊತ್ತಿಗೆ ನಲವತ್ತಾರು ಪ್ರಶ್ನಾವಳಿಗಳಲ್ಲಿ ಮೂವತ್ತೆಂಟರ ಮೇಲೆ ಹಾಗೆಯೇ ಬರೆದಿದ್ದೆ. ಹೂವಯ್ಯನ ಕೈಬರಹ ನಿಜವಾಗಿಯೂ ಚೆಂದ, ಹೀಗಾಗಿ ಶುದ್ಧಪ್ರತಿಯ ಕೆಲಸ ಅವನದು. ಅವನು ಕೆಂಪು ಶಾಯಿಯಲ್ಲಿ ಅಂಚು ಎಳೆದು, ಒಂದಕ್ಷರವನ್ನೂ ಓದದೆ ಎಲ್ಲವನ್ನೂ ನಕಲು ಮಾಡಿ, ಮರ್ಯಾದೆಯ ಹುಡುಗನಾದ್ದರಿಂದ ತಮ್ಮ ಹೆಸರಿನ ಹಿಂದೆ 'ಶ್ರೀ' ಸೇರಿಸಿ, ಸದಸ್ಯರ ಪಟ್ಟಿಯಲ್ಲಿ ಐದನೆಯವರಾಗಿ ತಮ್ಮನ್ನು ಕೂರಿಸಿದನು. ಎಂಗೊ ಯಾರೆಂದು ನನ್ನನ್ನು ಒಂದು ಸಲ ಕೇಳಿದ್ದರೆ ಸಾಕಿತ್ತು. ಮುಕುಂದಯ್ಯನವರು, ಪ್ರತಿಯೊಬ್ಬ ಸದಸ್ಯನ ಕೆಲಸವನ್ನೂ ಖುದ್ದಾಗಿ ಪರಿಶೀಲಿಸಿದ್ದೇನೆ ಎಂಬ ಸಾಲಿನ ಕೆಳಗೆ, ತಲೆ ಎಣಿಸದೆ ಸಹಿ ಹಾಕಿದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಪುಟ ಮಗುಚುತ್ತ, ಈ ಎಂಗೊ ಯಾರು ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೂವಯ್ಯ, "ನಮ್ಮವನೇ ಸಾರ್, ಜ್ವರ ಬಂದು ಮಲಗಿದಾನೆ" ಎಂದ. "ಭಾರಿ ಕಷ್ಟಪಟ್ಟಿದಾನೆ ಸಾರ್" ಎಂದ ವಾಸಪ್ಪ. ಶರಾವತಿ ಕಣ್ಣು ತಗ್ಗಿಸಿ, ಟೈಫಾಯಿಡ್ ಇರಬಹುದೆಂದು ವೈದ್ಯರ ಅನುಮಾನ ಎಂದಳು. ಅವರನ್ನು ನಾನು ದೂರುವುದಿಲ್ಲ. ಅವರಲ್ಲಿ ಯಾರೂ ಊರೂರು ಅಲೆದವರಲ್ಲವಾದ್ದರಿಂದ, ಎಂಗೊ ಎಂಬಾತನನ್ನು ಮತ್ಯಾರೋ ಸೇರಿಸಿಕೊಂಡಿರಬೇಕೆಂದು ಮೂವರೂ ಬೇರೆಬೇರೆಯಾಗಿ ಊಹಿಸಿದ್ದರು. ಅವನು ಯಾರೋ ಗೊತ್ತಿಲ್ಲವೆಂದರೆ, ಸಂದರ್ಶನಕ್ಕೆ ಬರಲೇ ಇಲ್ಲವೆಂದು ಒಪ್ಪಿಕೊಂಡಂತೆ. ನಾಲ್ಕು ತಿಂಗಳಲ್ಲಿ ನಮ್ಮ ಗುಂಪು ಒಗ್ಗಟ್ಟಾಗಿ ಮಾಡಿದ ಮೊದಲ ಕೆಲಸ ಅದು. ನಾನು ಎರಡನೇ ಸಲ ಬಾಯಿ ತೆರೆದಾಗ, ಗುಂಪಿನಲ್ಲಿ ಒಬ್ಬರೇ ಮುಂದೆ ಬೀಳುವುದು ಒಳ್ಳೆಯದಲ್ಲಮ್ಮ ಎಂದು ಪರೀಕ್ಷಕರು ತಿಳಿಹೇಳಿದರು.

ನಮಗೆ ನಾಲ್ವರಿಗೂ ಸರಿಸಮ ನಲವತ್ತೊಂದು ಅಂಕ. ತಮಗೆ ನಲವತ್ತೇಳು. ಬೆಳ್ಳಮ್ಮನವರಿಂದ ಅಂಥ ಉತ್ತರ ಹೊರಡಿಸಬೇಕಾದರೆ ಲೋಕ ಕಂಡ ಗಂಡುಹುಡುಗನೇ ಆಗಬೇಕೆಂದು ಪರೀಕ್ಷಕರು ಬರೆದಿದ್ದಾರೆ. ಅಂಕಗಳನ್ನು ತಾವೇ ಇಟ್ಟುಕೊಳ್ಳಿ, ನಾನು ಕೇಳುವುದಿಲ್ಲ. ಆದರೆ ಸೋಮವಾರ ಮೈಸೂರಿನ ವಿಚಾರ ಸಂಕಿರಣದಲ್ಲಿ ವರದಿ ಓದಲು ನಮ್ಮ ಕಾಲೇಜಿನಿಂದ ಒಬ್ಬರಿಗೆ ಮಾತ್ರ ಅವಕಾಶ, ಅಲ್ಲಿ ಓದಿದವರನ್ನು ಎಂ.ಎ. ಸೀಟಿಗೆ ಮೊದಲು ಪರಿಗಣಿಸುತ್ತಾರೆ, ಮತ್ತು ಆ ಕರೆಯೋಲೆ ಬಂದಿರುವುದು ಶ್ರೀ ಎಂಗೊ ಅವರ ಹೆಸರಿಗೆ. ಅದು ನನಗೆ ಬೇಕಿತ್ತು, ಮಾನ್ಯರೇ. ಬೇಕಿತ್ತು ಎನ್ನುವುದನ್ನು ವ್ಯಂಗ್ಯವಾಗಿ ಬರೆಯಲು ನನಗೆ ಬರುವುದಿಲ್ಲ.

ಮುಕುಂದಯ್ಯನವರ ಬಳಿ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ವರದಿಯ ಮೇಲೆ ತಾವೇ ಹಾಕಿದ್ದ ಸಹಿಯನ್ನು ಬೆರಳಿನಿಂದ ಮುಚ್ಚಿ, "ಗುಂಪು ಅಂದ ಮೇಲೆ ಸ್ವಲ್ಪ ಹೊಂದಿಕೊಂಡು ಹೋಗ್ಬೇಕಮ್ಮ. ಆ ಹುಡುಗನ ಜ್ವರ ಸೋಮವಾರದ ತನಕ ಇರಲಿ ಬಿಡು" ಎಂದರು. ಅಂದರೆ ಮೈಸೂರಿಗೆ ಯಾರೂ ಹೋಗುವುದು ಬೇಡ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಾವು ದಯವಿಟ್ಟು ಇಂದು ಸಂಜೆಯೊಳಗೆ ಹುಟ್ಟಿ, ಮೂರು ವರ್ಷದ ಹಾಜರಾತಿ ಪೂರೈಸಿ, ತಂದೆಯವರ ಒಪ್ಪಿಗೆ ಪತ್ರದೊಂದಿಗೆ ಬಸ್ಸು ಹತ್ತಬೇಕು. ಅದಾಗದಿದ್ದರೆ, ತಾವು ಇಲ್ಲವೆಂಬುದನ್ನು ತಾವೇ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಕಚೇರಿಗೆ ಸಲ್ಲಿಸಬೇಕು. ಗುಮಾಸ್ತರಿಗೆ ಅದಲ್ಲದೆ ಬೇರೆ ಯಾವ ದಾಖಲೆಯೂ ನಡೆಯುವುದಿಲ್ಲವಂತೆ.

ನಿನ್ನೆ ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತಿದ್ದೆ. "ಎಂತ ಆತೇ ಕೂಸೇ?" ಎಂದು ಅಮ್ಮ ಕೇಳಿದಳು. ಎಲ್ಲ ಹೇಳಿದೆ. ಗುಂಪಿನ ಪರವಾಗಿ ನನ್ನ ಕೈಗೆ ಕೊಟ್ಟಿದ್ದ ಕರೆಯೋಲೆಯನ್ನು ಅಮ್ಮ ದೀಪದ ಹತ್ತಿರ ಹಿಡಿದು, ತಮ್ಮ ಹೆಸರನ್ನು ಬೆರಳಿಟ್ಟು ಓದಿ, "ಅದ್ರಲ್ಲಿ ಎಂತ ಇದ್ದು? ಎಂಗೊ ಅಂತಲೇ ಇದ್ದಲೆ, ನೀನೇ ಹೋಗು" ಎಂದಳು. ನನ್ನ ಅಮ್ಮ ಓದಿದ್ದು ಮೂರನೇ ತರಗತಿ. ಇಡೀ ವಿಭಾಗಕ್ಕೆ ಹೊಳೆಯದ ಮಾತು ಅವಳಿಗೆ ಒಲೆಯ ಮುಂದೆ ಹೊಳೆಯಿತು.

ನಾಳೆ ಬೆಳಗಿನ ಬಸ್ಸಿಗೆ ನಾನು ಹೊರಟಿದ್ದೇನೆ. ಮುಕುಂದಯ್ಯನವರಿಗೆ ಆಕ್ಷೇಪಣೆಯಿದ್ದಲ್ಲಿ ಅದನ್ನು ಗುಂಪಿನಲ್ಲಿ ಚರ್ಚಿಸಿ ತಿಳಿಸಬೇಕಾಗಿ ಕೋರುತ್ತೇನೆ. ಗುಂಪಿನ ಚರ್ಚೆ ಎಷ್ಟು ಬೇಗ ಮುಗಿಯುತ್ತದೆಂದು ಬಲ್ಲೆನಾದ್ದರಿಂದ, ಜೂನ್ ತಿಂಗಳವರೆಗೆ ನನಗೆ ಭಯವಿಲ್ಲ. ಸೋಮವಾರ ಶ್ರೀ ಎಂಗೊ ಎಂದು ಹೆಸರು ಕೂಗಿದಾಗ ನಾನು ಎದ್ದು ನಿಲ್ಲುತ್ತೇನೆ. ಯಾರಾದರೂ ಅರ್ಥ ಕೇಳಿದರೆ, ನಮ್ಮ ಮನೆಯಲ್ಲಿ ಎಂಗೊ ಎಂದರೆ ನಾವು, ನಾಲ್ಕನೇ ಗುಂಪಿನಲ್ಲಿ ಎಂಗೊ ಎಂದರೆ ನಾನು ಎಂದು ಹೇಳಿ, ಬೆಳ್ಳಮ್ಮನವರ ಮಾತಿನಿಂದ ಓದಲು ಶುರು ಮಾಡುತ್ತೇನೆ.

ತಮ್ಮ ಜ್ವರಕ್ಕೂ ಅಂಕಕ್ಕೂ ಸಮಾನ ಗೌರವ ಸಲ್ಲಿಸುವ
ತಮ್ಮ ವಿಶ್ವಾಸಿ,
ವರದಾ
ಗುಂಪು ನಾಲ್ಕು (ಸಮಸ್ತರೂ)

ಮರೆತ ಮಾತು: ಹೂವಯ್ಯ, ವಾಸಪ್ಪ, ಶರಾವತಿ ಮೂವರೂ ನಾಳೆ ನನ್ನ ಜೊತೆ ಮೈಸೂರಿಗೆ ಬಂದು, ವೇದಿಕೆಯ ಮೇಲೆ ಗುಂಪಾಗಿ ನಿಲ್ಲುತ್ತಾರಂತೆ. ಬೆಳಿಗ್ಗೆ ಆರೂವರೆಗೆ ಬಸ್ ನಿಲ್ದಾಣಕ್ಕೆ ಖಂಡಿತ ಬರುವುದಾಗಿ ಒಮ್ಮತದಿಂದ ತೀರ್ಮಾನಿಸಿದ್ದಾರೆ. ಹೀಗಾಗಿ ನಾನು ನಿಶ್ಚಿಂತೆಯಿಂದ ಒಂದೇ ಟಿಕೆಟ್ ತೆಗೆಸಿದ್ದೇನೆ.