ಕೂಸು ಏನಂತೈತಿ ಅಂದ್ರ

ನಮ್ಮವರ ಸೋದರತ್ತೆಗೆ ಎರಡೇ ಭಾಷೆ ಬರುತ್ತಿದ್ದವು. ಒಂದು ನವಲಗುಂದದ ಕಡೆಯ ಕನ್ನಡ, ಇನ್ನೊಂದು ಹಲ್ಲು ಬಾರದ ಮಕ್ಕಳ ಭಾಷೆ. ನೀವು ನಗುತ್ತೀರಿ ಎಂದು ಗೊತ್ತು. ನಾನೂ ಮೊದಲು ನಕ್ಕವಳೇ. ಆದರೆ ಆಕೆ ನಮ್ಮ ಮುಲುಂಡಿನ ಮನೆಯಲ್ಲಿ ಇದ್ದಷ್ಟು ಕಾಲ ನಮ್ಮ ಬಿಲ್ಡಿಂಗಿನ ಯಾವ ಕೂಸು ಅತ್ತರೂ ಜನ ಡಾಕ್ಟರ ಹತ್ತಿರ ಹೋಗುವ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದರು ಎಂದರೆ ನಂಬುತ್ತೀರಾ?

ಎಪ್ಪತ್ತರ ದಶಕದ ಆರಂಭದ ದಿನಗಳು. ನಾನು ಮೈಸೂರಿನವಳು, ತವರಿನಲ್ಲಿ ಹೆರಿಗೆ ಮುಗಿಸಿಕೊಂಡು ನಾಲ್ಕು ತಿಂಗಳ ಮಗನನ್ನು ಎತ್ತಿಕೊಂಡು ಮುಂಬಯಿಗೆ ಮರಳಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ನಮ್ಮವರು ಬೆಳಿಗ್ಗೆ ಲೋಕಲ್ ಹಿಡಿದು ಫೋರ್ಟಿನ ಆಫೀಸಿಗೆ ಹೋದರೆ ಕತ್ತಲಾದ ಮೇಲೆಯೇ ಮುಖ ಕಾಣುವುದು. ನನಗೆ ಮಗುವನ್ನು ಬಟ್ಟೆಯಲ್ಲಿ ಸುತ್ತುವುದಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಅತ್ತೆ ಎಂದೋ ತೀರಿಕೊಂಡಿದ್ದರು. ಹಾಗಾಗಿ ನಮ್ಮವರು ತಮ್ಮ ಸೋದರತ್ತೆಗೆ ಬರಹೇಳಿದರು. ವಿಧವೆ, ಅಣ್ಣತಮ್ಮಂದಿರ ಮನೆಗಳಲ್ಲಿ ಬಾಣಂತನ ಮಾಡಿಕೊಂಡೇ ಆಯುಷ್ಯ ಕಳೆದವರು.

ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕೆಳಗಿಟ್ಟು, ಕೈಕಾಲು ತೊಳೆದು ಬಂದವರೇ ಮಗುವಿನ ಮುಂದೆ ಕೂತರು. ಮಗು "ಅಊ... ಗೂ" ಎಂದಿತು.

"ಹೌದೇನು?" ಎಂದರು ಸೋದರತ್ತೆ, ಬಹಳ ಗಂಭೀರವಾಗಿ. ಮಗು ಇನ್ನೂ ಏನೋ ಅಂದಿತು. ಆಕೆ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಕೂಸು ಏನಂತೈತಿ ಅಂದ್ರ, ಆ ಫ್ಯಾನ್ ಬಂದ್ ಮಾಡ್ರಿ, ತಲೀ ಮ್ಯಾಲ ಬೀಳತೈತಿ ಅಂತ."

ನಾನು ಫ್ಯಾನ್ ಬಂದ್ ಮಾಡಿದೆ. ಮೇ ತಿಂಗಳು. ಬೆವರು ಒರೆಸಿಕೊಳ್ಳುತ್ತಾ ಯೋಚಿಸಿದೆ: ಹುಟ್ಟಿದಾಗಿನಿಂದ ಫ್ಯಾನ್ ನೋಡಿ ಕೇಕೆ ಹಾಕುವ ಮಗುವಿಗೆ ಇವತ್ತೇ ಭಯ ಏಕೆ ಬಂತು? ಆ ಭಯ ರೈಲಿನಿಂದ ಈಗಷ್ಟೇ ಇಳಿದವರದು ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಮಗುವಿನ ಅಭಿಪ್ರಾಯಗಳಿಗೂ ಸೋದರತ್ತೆಯ ಅಭಿಪ್ರಾಯಗಳಿಗೂ ಹೀಗೆ ಆಶ್ಚರ್ಯಕರ ಹೊಂದಾಣಿಕೆಯಿತ್ತು. ನನ್ನ ಮೈಸೂರು ಹುಳಿ ಆಕೆಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗೆಂದು ಎಂದೂ ಹೇಳಿದವರಲ್ಲ. "ಕೂಸು ಅಂತೈತಿ, ಅವ್ವನ ಹುಳಿ ಭಾಳ ಚೊಲೊ ಇರತೈತಿ, ಬೆಲ್ಲ ಒಂದೀಟು ಕಡಿಮಿ ಮಾಡಿದ್ರ ಇನ್ನೂ ಚೊಲೊ." ಒಮ್ಮೆ ಮಗು ಎಣ್ಣೆಗಾಯಿಯನ್ನೇ ಕೇಳಿತು.

"ಹಲ್ಲೇ ಬಂದಿಲ್ಲ, ಎಣ್ಣೆಗಾಯಿ ಏನು ಮಾಡುತ್ತೆ ಅತ್ತೆ?" ಎಂದೆ.

"ತನಗಲ್ಲಂತ. ಅವರಪ್ಪಗಂತ."

ಅಪ್ಪನ ವಿಷಯದಲ್ಲಿ ಕೂಸು ಬಹಳ ಕಟ್ಟುನಿಟ್ಟು. ನಮ್ಮವರಿಗೆ ಸ್ಟೇಷನ್ನಿನಿಂದ ನೇರ ಮನೆಗೆ ಬರುವ ಅಭ್ಯಾಸವಿರಲಿಲ್ಲ. ಹಿಂದಿನ ಬಿಲ್ಡಿಂಗಿನಲ್ಲಿ ಗೆಳೆಯರು ಕೇರಂ ಬೋರ್ಡಿಗೆ ಪೌಡರ್ ಹಾಕಿ ಇವರಿಗಾಗಿ ಕಾಯುತ್ತಿದ್ದರು. ನಾನು ಹೇಳಿ ಹೇಳಿ ಸೋತಿದ್ದೆ. ಒಂದು ರಾತ್ರಿ ಇವರು ಬೂಟು ಬಿಚ್ಚುತ್ತಿರುವಾಗ ಮಗು ತೊಟ್ಟಿಲಲ್ಲಿ ಒಂದಷ್ಟು ಗೊಣಗಿತು. ಸೋದರತ್ತೆ ಕಿವಿಗೊಟ್ಟು ಕೇಳಿ ನಿಟ್ಟುಸಿರು ಬಿಟ್ಟರು.

"ಏನಂತೆ?" ಎಂದರು ಇವರು.

"ಹ್ಯಾಂಗ ಹೇಳ್ಲೆಪಾ. ಈ ಮನಿಗೆ ದಿನಾ ರಾತ್ರಿ ಒಬ್ಬ ಗಂಡಸು ಬರ್ತಾನಲ್ಲ, ಅಂವ ಯಾರು ಅಂತ ಕೇಳಾಕ ಹತ್ತೈತಿ."

ಮರುದಿನದಿಂದ ಇವರು ಏಳು ಗಂಟೆಗೆಲ್ಲ ಮನೆಯಲ್ಲಿ. ನನ್ನ ಮಾತಿಗೆ ಬಗ್ಗದ ಮನುಷ್ಯ ಮಾತೇ ಬಾರದ ಮಗುವಿನ ಮಾತಿಗೆ ಬಗ್ಗಿದ್ದರು!

ಇಷ್ಟೇ ಆಗಿದ್ದರೆ ಇದನ್ನು ಮುದುಕಿಯ ಜಾಣತನ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಅತ್ತಿಗೆ ಎನ್ನುವ ಹಾಗೆ ಎಲ್ಲರೂ ವಹಿನಿ ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸಿನ ಮಗನ ವಿಷಯ ಬೇರೆ. ಆರೇಳು ತಿಂಗಳ ಗುಂಡು ಹುಡುಗ. ಸ್ನಾನ ಮಾಡಿಸಿ ಮಲಗಿಸಿದರೆ ಸಾಕು, ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಅಳುತ್ತಿತ್ತು. ಗ್ರೈಪ್ ವಾಟರ್ ಕುಡಿಸಿದರು, ದೃಷ್ಟಿ ತೆಗೆದರು, ಏನೂ ಆಗಲಿಲ್ಲ. ಒಂದು ದಿನ ಸೋದರತ್ತೆ ಅವರ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆ ಅಳು ಕೇಳಿದರು.

"ಉಡದಾರ ಬಿಗಿ ಆಗೈತಿ ಅಂತೈತಿ" ಎಂದರು.

ನಾನು ಅದನ್ನು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ವಹಿನಿ ಅಂಗಿ ಎತ್ತಿ ನೋಡಿದರೆ ನಿಜವೇ. ನಾಮಕರಣದ ದಿನ ಸೊಂಟಕ್ಕೆ ಕಟ್ಟಿದ ಕರಿ ದಾರ ಹಾಗೇ ಇದೆ, ಹುಡುಗ ಮಾತ್ರ ಎರಡು ಪಟ್ಟಾಗಿದ್ದಾನೆ. ಸ್ನಾನದಲ್ಲಿ ನೆನೆದ ದಾರ ಮಡಿಕೆಯೊಳಗೆ ಕೂತು ಕೊರೆಯುತ್ತಿತ್ತು. ಕತ್ತರಿಸಿದ ಕೂಡಲೇ ಅಳು ನಿಂತಿತು. ಹೊಟ್ಟೆನೋವಿಗೆ ಕಾಲು ಮಡಚುವ ರೀತಿಯೇ ಬೇರೆ, ಸೊಂಟದಲ್ಲಿ ಏನಾದರೂ ಒತ್ತಿದರೆ ಬೇರೆ ಇರಬೇಕು, ಆಕೆ ಅದನ್ನು ನೋಡಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ. ವಹಿನಿ ಯಾವ ಲೆಕ್ಕವನ್ನೂ ಹಾಕಲಿಲ್ಲ. ಮಧ್ಯಾಹ್ನದೊಳಗೆ ಮೇಲಿನ ಮಹಡಿಯ ಗುಜರಾತಿ ಅಕ್ಕ ಕೂಡ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಳಿದು ಬಂದರು.

"ಅವರ ಮಕ್ಕಳು ಗುಜರಾತಿಯಲ್ಲಿ ಅಳುವುದಿಲ್ಲವೇ ಅತ್ತೆ?" ಎಂದು ಕೇಳಿದೆ.

"ಜಾತಿ, ಭಾಷಾ, ಇವೆಲ್ಲಾ ಹಲ್ಲು ಬಂದ ಮ್ಯಾಲ ಬರೂವು" ಎಂದರು ಆಕೆ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಒಮ್ಮೆ ಪರೀಕ್ಷೆ ಮಾಡಿದೆ. ಮಗ ಆಗ "ಗಗ್ಗಾ" ಎಂದು ಒಂದೇ ಶಬ್ದವನ್ನು ಹಿಡಿದುಕೊಂಡಿದ್ದ. ಬೆಳಿಗ್ಗೆ ಸೋದರತ್ತೆ ಅದಕ್ಕೆ ಕಾಗೆ ಎಂದು ಅರ್ಥ ಹೇಳಿದರು. ಸಂಜೆ ಅದೇ "ಗಗ್ಗಾ" ಎಂದರೆ ನೀರು ಕೊಡು ಎಂದಾಯಿತು. ಸಿಕ್ಕಿಬಿದ್ದರು ಎಂದುಕೊಂಡು ಕೇಳಿದೆ: "ಬೆಳಿಗ್ಗೆ ಕಾಗೆ, ಈಗ ನೀರು. ಒಂದೇ ಮಾತಿಗೆ ಎರಡೆರಡು ಅರ್ಥವೇ?"

ಆಕೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲೂ ಇಲ್ಲ. "ನಿಮ್ಮ ಮೈಸೂರಾಗ ಹತ್ತು ಅಂದ್ರ ಏನವಾ?"

"ಒಂಬತ್ತರ ಮೇಲಿನದು."

"ಗಿಡ ಹತ್ತೂದಕ್ಕ ಏನಂತೀರಿ?"

"ಹತ್ತು..."

"ಹಂಗಾದ್ರ ಕೂಸಿಗೊಂದ ಯಾಕ ಕಾಯ್ದೆ?"

ನಾನು ಬಿ.ಎ. ಮಾಡಿದವಳು. ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿದೆ.

ಇನ್ನೊಂದು ದಿನದ ಮಾತು ಹೇಳಬೇಕು. ಆ ಮೊದಲ ಮಳೆಗಾಲ ನನಗೆ ಬಹಳ ಕಷ್ಟವಾಗಿತ್ತು. ಒದ್ದೆ ಬಟ್ಟೆ ಒಣಗುತ್ತಿರಲಿಲ್ಲ, ನಿದ್ದೆಯಿರುತ್ತಿರಲಿಲ್ಲ, ಮಾತಾಡಲು ಸ್ನೇಹಿತರಿರಲಿಲ್ಲ. ಇಡೀ ದಿನ ಮಗುವನ್ನೇ ನೋಡಿಕೊಂಡಿದ್ದು, ಮಗುವನ್ನು ನೋಡಿದರೇ ಕಣ್ಣಲ್ಲಿ ನೀರು. ಏಕೆ ಎಂದು ನನಗೇ ಗೊತ್ತಿರಲಿಲ್ಲ, ಇನ್ನು ಯಾರಿಗೆ ಹೇಳುವುದು? ನಲ್ಲಿ ಬಿಟ್ಟು ಆ ಸದ್ದಿನಲ್ಲಿ ಅತ್ತು ಬರುತ್ತಿದ್ದೆ. ಒಂದು ಭಾನುವಾರ ಊಟಕ್ಕೆ ಕೂತಾಗ ಮಗು ಸೋದರತ್ತೆಯ ತೊಡೆಯ ಮೇಲೆ ಸುಮ್ಮನೆ ಬೆರಳು ಚೀಪುತ್ತಿತ್ತು. ಬಾಯಿಂದ ಒಂದು ಶಬ್ದವೂ ಬಂದಿರಲಿಲ್ಲ. ಆಕೆ ನಮ್ಮವರಿಗೆ ಹೇಳಿದರು:

"ಕೂಸು ಅಂತೈತಿ, ಅವ್ವ ಬಚ್ಚಲದಾಗ ಹೋಗಿ ಅಳತಾಳ. ಆಕೀನ್ನ ಹದಿನೈದು ದಿನ ತೌರಿಗೆ ಕಳಸ್ರಿ ಅಂತ."

ಇವರು ತುತ್ತು ಹಿಡಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ. ಆ ವಾರವೇ ರಜೆ ಹಾಕಿ ನಮ್ಮನ್ನು ಮೈಸೂರಿಗೆ ಕರೆದುಕೊಂಡು ಹೋದರು. ಅಂದಿನಿಂದ ನಾನು ಸೋದರತ್ತೆಯ ಭಾಷಾಂತರವನ್ನು ಪರೀಕ್ಷೆ ಮಾಡುವುದು ಬಿಟ್ಟೆ.

ಇತ್ತ ಮಗನಿಗೆ ಎರಡು ವರ್ಷ ತುಂಬಿತು. ಓಡುತ್ತಾನೆ, ಕುಣಿಯುತ್ತಾನೆ, ಗ್ಯಾಲರಿಯ ಕಂಬಿಯಿಂದ ಕೆಳಗಿನವರ ತಲೆಯ ಮೇಲೆ ಚಮಚ ಎಸೆಯುತ್ತಾನೆ. ಮಾತು ಮಾತ್ರ ಅದೇ "ಗಗ್ಗಾ". ವಹಿನಿಯ ಮಗ ಅವನಿಗಿಂತ ಎರಡೇ ತಿಂಗಳು ದೊಡ್ಡವನು, ಆಗಲೇ ಹಾಲಿನವನ ಜೊತೆ ಜಗಳವಾಡುತ್ತಿದ್ದ. ಬಂದವರೆಲ್ಲ ಕೇಳುತ್ತಿದ್ದರು, ಇನ್ನೂ ಮಾತಿಲ್ಲವೇ ಎಂದು. ಒಬ್ಬರು ಅಪ್ಪನ ಧಾರವಾಡ ಕನ್ನಡ, ಅಮ್ಮನ ಮೈಸೂರು ಕನ್ನಡ, ಗ್ಯಾಲರಿಯ ಮರಾಠಿ, ತರಕಾರಿಯವನ ಹಿಂದಿ ಎಲ್ಲ ಸೇರಿ ಮಗುವಿನ ತಲೆಯಲ್ಲಿ ಗಂಟು ಬಿದ್ದಿದೆ ಎಂದರು. ಇನ್ನೊಬ್ಬರು ಸೋದರತ್ತೆಯ ಎದುರಿಗೇ ಅಂದರು: "ಅವನು ಹೇಳುವ ಮೊದಲೇ ನೀವು ಹೇಳಿಬಿಡುತ್ತೀರಿ. ಅವನು ಯಾಕೆ ಬಾಯಿ ಬಿಡುತ್ತಾನೆ?"

ಸೋದರತ್ತೆ ಅಂದು ಊಟ ಮಾಡಲಿಲ್ಲ.

ಕೊನೆಗೆ ಬೈಕುಲ್ಲಾದಲ್ಲಿ ಒಬ್ಬ ಕಿವಿ ಡಾಕ್ಟರಿದ್ದಾರೆಂದು ತಿಳಿದು ನಾನೂ ಸೋದರತ್ತೆಯೂ ಮಗುವನ್ನು ಕರೆದುಕೊಂಡು ಹೊರಟೆವು. ಲೇಡೀಸ್ ಡಬ್ಬಿಯಲ್ಲಿ ಎದುರಿಗೆ ಬುರ್ಖಾ ಹಾಕಿಕೊಂಡ ಒಬ್ಬ ಹೆಂಗಸು, ತೊಡೆಯ ಮೇಲೆ ಕಿರುಚುವ ಕೂಸು. ಅಷ್ಟು ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ ಸೋದರತ್ತೆ ಇದ್ದಕ್ಕಿದ್ದ ಹಾಗೆ, "ಟೊಪಗಿ ತಗೀವಾ, ಅದರ ಮಣಿ ಕಿವಿಗೆ ಚುಚ್ಚತೈತಿ ಅಂತೈತಿ" ಎಂದರು, ಮುಂಬಯಿಯಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ ಎನ್ನುವ ಹಾಗೆ. ಆ ಹೆಂಗಸು ಟೊಪ್ಪಿಗೆ ತೆಗೆದಳು. ಅಳು ನಿಂತಿತು. "ನಿಮಗ ಹ್ಯಾಂಗ ಗೊತ್ತಾತ್ರಿ ಅವ್ವಾರ?" ಎಂದಳು. ವಿಜಾಪುರದ ಕಡೆಯವಳಂತೆ! ನಾನು ನಕ್ಕೆ. ಸೋದರತ್ತೆ ನಗಲಿಲ್ಲ.

ಡಾಕ್ಟರರ ಕೋಣೆಯೊಳಗೆ ಆಕೆ ಬರಲೇ ಇಲ್ಲ. ಹೊರಗಿನ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಡಾಕ್ಟರು ಮಗುವಿನ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಮಗ ಗಿರಕ್ಕನೆ ತಿರುಗಿ ಗಂಟೆ ಕಿತ್ತುಕೊಂಡ. "ಕಿವಿ ಚೆನ್ನಾಗಿದೆ. ಮಾತು ಬರುತ್ತದೆ, ಕಾಯಿರಿ" ಎಂದರು. ಹೊರಗೆ ಬಂದು ಹೇಳಿದೆ. ಸೋದರತ್ತೆ ನನ್ನ ಕೈ ಹಿಡಿದುಕೊಂಡು, "ಗಂಟಿ ಕೇಳ್ತೇನು ಅವಗ? ಖರೇನ ಕೇಳ್ತೇನು?" ಎಂದು ಮತ್ತೆ ಮತ್ತೆ ಕೇಳಿದರು.

ಕಾದೆವು. ಒಂದು ಭಾನುವಾರ ನಮ್ಮವರು ಊಟಕ್ಕೆ ಕೂತಿದ್ದರು. ಮಗ ಪಕ್ಕದಲ್ಲಿ. ಸೋದರತ್ತೆ ಬುಟ್ಟಿಯಿಂದ ರೊಟ್ಟಿ ತೆಗೆಯುತ್ತಾ, "ಕೂಸು ಅಂತೈತಿ, ನಮ್ಮಪ್ಪಗ ಇನ್ನೊಂದು ರೊಟ್ಟಿ ಹಾಕ್ರಿ ಅಂತ" ಎಂದರು.

"ಬ್ಯಾಡ" ಎಂದಿತು ಕೂಸು.

ಅದು ನನ್ನ 'ಬೇಡ' ಕೂಡ ಅಲ್ಲ, ಅಪ್ಪಟ ನವಲಗುಂದದ 'ಬ್ಯಾಡ'. "ಏನಂದಿಯೋ?" ಎಂದರು ಇವರು. "ಬ್ಯಾಡ. ಅಪ್ಪಗ ಬ್ಯಾಡ. ನಂಗ" ಎಂದು ರೊಟ್ಟಿಗೆ ಕೈ ಚಾಚಿದ. ನಮ್ಮವರು ಎಂಜಲು ಕೈಯಲ್ಲೇ ಅವನನ್ನು ಎತ್ತಿಕೊಂಡು ಗ್ಯಾಲರಿಗೆ ಓಡಿದರು. ಆ ಸಂಜೆ ಇಡೀ ಬಿಲ್ಡಿಂಗಿಗೆ ಪೇಡೆ ಹಂಚಿದೆವು.

ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಕಿವಿಗೆ ಬಿದ್ದದ್ದನ್ನೆಲ್ಲ ಹಿಡಿದುಕೊಂಡು ಹೇಳುವುದೇ ಅವನ ಕೆಲಸ. ರೊಟ್ಟಿ, ಗಾಡಿ, ಪಾಣಿ, ಚಲಾ, ಕಾಂದಾ-ಬಟಾಟಾ. ಬಿಲ್ಡಿಂಗಿನಲ್ಲಿ ಯಾರು ಏನಂದರೂ ಒಂದು ಕ್ಷಣದಲ್ಲಿ ನಮ್ಮ ಬಾಗಿಲಿಂದ ಅದು ಮರುದನಿಯಾಗಿ ಬರುತ್ತಿತ್ತು. ಸೋದರತ್ತೆ ಮಾತ್ರ ಕೂಸಿನ ಮಾತು ಹೇಳುವುದನ್ನು ಬಿಟ್ಟರು. ನಮ್ಮವರು ತಮಾಷೆಗೆ, "ಕೂಸು ಏನಂತೈತಿ ಅತ್ತಿ?" ಎಂದರೆ, "ಅವನ್ನ ಕೇಳಪಾ, ಅಂವಗ ಬಾಯಿ ಬಂದೈತಿ" ಎನ್ನುತ್ತಿದ್ದರು. ಕೆಲಸ ಹೋದ ದುಃಖವೇನೋ ಎಂದುಕೊಂಡೆ.

ಒಂದು ಮಧ್ಯಾಹ್ನ ಇಬ್ಬರೂ ಬಟಾಣಿ ಸುಲಿಯುತ್ತಾ ಕೂತಿದ್ದೆವು. ಮಗ ಸಿಪ್ಪೆಗಳನ್ನು ಸಾಲಾಗಿಟ್ಟು ರೈಲು ಮಾಡುತ್ತಿದ್ದ. ಇಷ್ಟು ದಿನ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅತ್ತೆ, ಈ ವಿದ್ಯೆ ನಿಮಗೆ ಯಾರು ಕಲಿಸಿದರು?"

ಆಕೆ ಬಟಾಣಿ ಸುಲಿಯುತ್ತಲೇ ಹೇಳಿದರು. "ನನ್ನ ಮಗಳವಾ."

ಆಕೆಗೆ ಮಗಳಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ನಮ್ಮವರು ಹುಟ್ಟುವ ಮೊದಲಿನ ಮಾತಂತೆ.

"ಕಿವಿ ಕೇಳ್ತಿದ್ದಿಲ್ಲ, ಮಾತೂ ಬರ್ತಿದ್ದಿಲ್ಲ ಆಕಿಗೆ. ಏಳು ವರ್ಷ ಇದ್ಲು. ಯಾರೂ ಆಕೀನ್ನ ಏನೂ ಕೇಳ್ತಿದ್ದಿಲ್ಲ. ಹಸದೀ ಏನು ಅಂತ ಸೈತ. ಮೂಗಿ ಏನ್ ಹೇಳ್ತಾಳ ಅಂತಿದ್ರು. ನಾ ಅಕೀ ಮಾರೀನ್ನ ನೋಡಿ ಹೇಳಾಕ ಸುರು ಮಾಡಿದೆ. ನನ್ನ ಕೂಸು ಹಿಂಗಂತಾಳ, ನನ್ನ ಕೂಸು ಹಂಗಂತಾಳ ಅಂತ. ಮಂದಿ ನಕ್ಕರು. ಅರ್ಧ ನಾನ ಕಟ್ಟಿ ಹೇಳಿರಬೇಕು, ಯಾರಿಗ್ಗೊತ್ತು. ಆದ್ರ ನಾ ಹಂಗ ಹೇಳೂಮುಂದ ಆಕಿ ನನ್ನ ಬಾಯಿ ನೋಡಿಕೋತ ನಗ್ತಿದ್ಲವಾ."

"ಏನು ಹೆಸರು ಅತ್ತೆ ಅವಳದು?" ಎಂದೆ.

ಆಕೆ ಇನ್ನೊಂದು ಕಾಯಿ ಸುಲಿದರು. "ನೀಲವ್ವ. ಕರದ್ರ ಕೇಳಸೂದಿಲ್ಲಂತ ಯಾರೂ ಕರೀಲಿಲ್ಲ."

"ನೀಯವ್ವ" ಎಂದ ಮಗ, ಸಿಪ್ಪೆಯ ರೈಲಿನ ಮೇಲೆ ಬಗ್ಗಿಕೊಂಡೇ. ಹೊಸ ಮಾತು ಅವನಿಗೆ ಹಿಡಿಸಿರಬೇಕು. ಎದ್ದು ಗ್ಯಾಲರಿಗೆ ಓಡಿದ. ಕಂಬಿ ಹಿಡಿದುಕೊಂಡು, ಕೆಳಗೆ ಆಡುವ ಮಕ್ಕಳನ್ನು ತಾಯಂದಿರು ಕೂಗುತ್ತಾರಲ್ಲ, ಆ ಹಾಗೆ ಎಳೆದು ಕೂಗಿದ: "ನೀಯವ್ವಾ... ಏ ನೀಯವ್ವಾ..."

ಸೋದರತ್ತೆಯ ಕೈ ಬಟಾಣಿಯ ಮೇಲೆ ನಿಂತಿತು. ಅವನು ಮತ್ತೆ ಕೂಗಿದ.

"ಓ" ಎಂದರು ಆಕೆ.